ತಂತಿಯಿಂದ ತಂತ್ರಾಂಶಕ್ಕೆ: ಕೃಷ್ಣರಾಜಪುರದ ದೂರವಾಣಿ ಕಾರ್ಖಾನೆ

ಬೆಂಗಳೂರಿನ ತಂತ್ರಾಂಶ ಉದ್ದಿಮೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1985ರಿಂದ ಆರಂಭಿಸುತ್ತಾರೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ವಿನ್ಯಾಸ ಕೇಂದ್ರವನ್ನು ಇಲ್ಲಿ ತೆರೆದ ವರ್ಷ ಅದು. ನಗರದ ಪೂರ್ವ ಭಾಗದ ಕಥೆ ಹೇಳುವವರು ಇನ್ನೂ ಸುಮಾರು ಹತ್ತು ವರ್ಷ ಈಚೆಗೆ ಬಂದು, ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕಿನ ಗಾಜಿನ ಕಟ್ಟಡಗಳಿಂದ ಶುರುಮಾಡುತ್ತಾರೆ. ಆ ಕಟ್ಟಡಗಳಿಗೆ ಹೋಗುವ ದಾರಿಯಲ್ಲೇ ಕೃಷ್ಣರಾಜಪುರವಿದೆ. ರೈಲು ಹಳಿಗಳ ಮೇಲೆ ಕಟ್ಟಿ 2003ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆಯನ್ನು ದಾಟಿ, ಹಳೆ ಮದರಾಸು ರಸ್ತೆಯಲ್ಲಿ ಮುಂದೆ ಹೋದರೆ ದೂರವಾಣಿನಗರ ಸಿಗುತ್ತದೆ. ಬಡಾವಣೆಗೆ ದೇವರ ಹೆಸರೋ ದಾನಿಯ ಹೆಸರೋ ಇರುವುದು ವಾಡಿಕೆ. ಇಲ್ಲಿ ಒಂದು ಯಂತ್ರದ ಹೆಸರೇ ಊರಿನ ಹೆಸರಾಗಿದೆ. ಸುತ್ತಮುತ್ತಲಿನವರ ಬಾಯಲ್ಲಿ ಅದು ಬರೀ ‘ಐ.ಟಿ.ಐ.’. ಕೈಗಾರಿಕಾ ತರಬೇತಿ ಸಂಸ್ಥೆಗಳಿಗೂ ಇವೇ ಮೂರಕ್ಷರ ಇರುವುದರಿಂದ ಹೊಸಬರಿಗೆ ಗೊಂದಲವಾಗುವುದುಂಟು. ಇದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್.

ತಂತ್ರಾಂಶದ ಚರಿತ್ರೆಯನ್ನು ಇಲ್ಲಿಂದ ಏಕೆ ಆರಂಭಿಸಬೇಕು? ಇಲ್ಲಿ ಮೊದಲು ತಯಾರಾದದ್ದು ಉಕ್ಕು, ಹಿತ್ತಾಳೆ, ತಾಮ್ರದ ತಂತಿಗಳ ಯಂತ್ರ. ಅದರಲ್ಲಿ ತಂತ್ರಾಂಶದ ಲವಲೇಶವೂ ಇರಲಿಲ್ಲ. ಹೀಗಿದ್ದರೂ ಅದು ಲೆಕ್ಕ ಹಾಕುತ್ತಿತ್ತು, ನಿರ್ಧಾರ ಮಾಡುತ್ತಿತ್ತು. ಅಂಥ ಯಂತ್ರದ ಬುದ್ಧಿ ಲೋಹದಿಂದ ಬಿಡಿಸಿಕೊಂಡು ಬರಹವಾಗುವ ಪ್ರಕ್ರಿಯೆಯನ್ನು, ಅದರ ಲಾಭವನ್ನೂ ಬೆಲೆಯನ್ನೂ, ಇಡೀ ಒಂದು ಊರು ಕಂಡದ್ದು ಇಲ್ಲಿ.

ಈ ಮಾತನ್ನು ವಿಡಿಯೊ ಆಟದ ಉದಾಹರಣೆಯಿಂದ ವಿವರಿಸುವುದು ಸುಲಭ. ಭೌತವಿಜ್ಞಾನದ ತರಗತಿಯಲ್ಲಿ ಮಿಕ್ಕ ಉದಾಹರಣೆಗಳಿಗೆ ತೂಕಡಿಸುವ ವಿದ್ಯಾರ್ಥಿಗಳೂ ಇದಕ್ಕೆ ಎದ್ದು ಕೂರುತ್ತಾರೆ. 1972ರಲ್ಲಿ ಅಟಾರಿ ಕಂಪನಿ ‘ಪಾಂಗ್’ ಎಂಬ ಆಟವನ್ನು ಹೊರತಂದಿತು. ಪರದೆಯ ಎರಡು ಬದಿಗೆ ಎರಡು ಬ್ಯಾಟು, ನಡುವೆ ಪುಟಿಯುವ ಒಂದು ಚುಕ್ಕೆ. ಇದನ್ನು ಕಂಪ್ಯೂಟರ್ ಆಟವೆಂದು ಕರೆಯುವುದು ರೂಢಿಯಾದರೂ ಅದರೊಳಗೆ ಕಂಪ್ಯೂಟರ್ ಇರಲಿಲ್ಲ, ಕ್ರಮವಿಧಿಯೂ ಇರಲಿಲ್ಲ. ತರ್ಕಮಂಡಲಗಳ ಚಿಪ್ಪುಗಳನ್ನು ಒಂದು ಫಲಕದ ಮೇಲೆ ಜೋಡಿಸಿ, ಚೆಂಡು ಬ್ಯಾಟಿಗೆ ತಾಗಿದರೆ ಹಿಂತಿರುಗಬೇಕೆಂಬ ನಿಯಮವನ್ನು ಸಂಪರ್ಕಗಳ ರೂಪದಲ್ಲೇ ಕಟ್ಟಿದ್ದರು. ನಿಯಮ ಬದಲಿಸಬೇಕಾದರೆ ಬೆಸುಗೆ ಕಡ್ಡಿ ಹಿಡಿಯಬೇಕಿತ್ತು. 1975ರಲ್ಲಿ ‘ಗನ್ ಫೈಟ್’ ಆಟದ ಪೆಟ್ಟಿಗೆಯೊಳಗೆ ಇಂಟೆಲ್ 8080 ಸೂಕ್ಷ್ಮಸಂಸ್ಕಾರಕ ಬಂತು. 1977ರಲ್ಲಿ ಅಟಾರಿಯ ಮನೆಬಳಕೆಯ ಪೆಟ್ಟಿಗೆ ಬಂದಾಗ ಬೇರೆ ಆಟ ಬೇಕೆಂದರೆ ಬೇರೆ ಕಾರ್ಟ್ರಿಜ್ ಸಿಕ್ಕಿಸಿದರೆ ಸಾಕಿತ್ತು. ಯಂತ್ರ ಅದೇ, ಬದಲಾದದ್ದು ಅದರೊಳಗಿನ ಬರಹ.

ದೂರವಾಣಿ ವಿನಿಮಯ ಕೇಂದ್ರದಲ್ಲಿ, ಅಂದರೆ ನಾವು ನಿತ್ಯ ‘ಎಕ್ಸ್‌ಚೇಂಜ್’ ಎನ್ನುವ ಜಾಗದಲ್ಲಿ, ಇದೇ ಬದಲಾವಣೆ ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆಟದ ಪೆಟ್ಟಿಗೆ ಬದಲಾದರೆ ಯಾರ ಅನ್ನಕ್ಕೂ ತೊಂದರೆಯಿಲ್ಲ. ಎಕ್ಸ್‌ಚೇಂಜ್ ಬದಲಾದಾಗ ಹಾಗಿರಲಿಲ್ಲ.

ಹೆಜ್ಜೆಹೆಜ್ಜೆಗೆ ಹತ್ತುವ ಯಂತ್ರ

ಸ್ವಯಂಚಾಲಿತ ಎಕ್ಸ್‌ಚೇಂಜಿನ ಮೊದಲ ಯಶಸ್ವೀ ವಿನ್ಯಾಸ ಅಮೆರಿಕದ ಆಲ್ಮನ್ ಸ್ಟ್ರೌಜರ್ ಎಂಬಾತನದು. ಆತ ಎಂಜಿನಿಯರ್ ಅಲ್ಲ, ಶವಸಂಸ್ಕಾರದ ವ್ಯಾಪಾರಿ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರ್ ಪ್ರತಿಸ್ಪರ್ಧಿಗೆ ದಾಟಿಸುತ್ತಾಳೆಂಬ ಗುಮಾನಿಯಿಂದ, ಆಪರೇಟರೇ ಬೇಡವಾದ ಯಂತ್ರವನ್ನು ಆತ ಯೋಚಿಸಿದನೆಂದು ಕಥೆ. ಕಥೆ ಹೇಗೇ ಇರಲಿ, 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1892ರಲ್ಲಿ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬಲ್ಲಿ ಮೊದಲ ಎಕ್ಸ್‌ಚೇಂಜ್ ಕೆಲಸ ಆರಂಭಿಸಿತು.

ಅದರ ಮುಖ್ಯ ಭಾಗ ‘ಸೆಲೆಕ್ಟರ್’. ಅರ್ಧಚಂದ್ರಾಕಾರವಾಗಿ ಬಾಗಿದ ಹತ್ತು ಸಾಲುಗಳು ಒಂದರ ಮೇಲೊಂದು ಇವೆ. ಪ್ರತಿ ಸಾಲಿನಲ್ಲಿ ಹತ್ತು ಲೋಹದ ಸ್ಪರ್ಶಬಿಂದುಗಳು. ಒಟ್ಟು ನೂರು. ಇವುಗಳ ಎದುರಿಗೆ ಒಂದು ದಂಡ, ಅದರ ತುದಿಯಲ್ಲಿ ಬಿಂದುಗಳನ್ನು ಸವರುವ ಲೋಹದ ಪಟ್ಟಿ. ನೀವು ಡಯಲಿನಲ್ಲಿ 4 ತಿರುಗಿಸಿ ಬಿಟ್ಟಾಗ ಡಯಲು ಹಿಂತಿರುಗುತ್ತ ತಂತಿಯ ಪ್ರವಾಹವನ್ನು ನಾಲ್ಕು ಸಲ ಕಡಿದು ಜೋಡಿಸುತ್ತದೆ. ಒಂದೊಂದು ಮಿಡಿತಕ್ಕೂ ವಿದ್ಯುತ್ಕಾಂತವೊಂದು ದಂಡವನ್ನು ಒಂದು ಮೆಟ್ಟಿಲು ಮೇಲಕ್ಕೆತ್ತುತ್ತದೆ. ಮುಂದಿನ ಅಂಕಿ 7 ಆದರೆ ದಂಡ ಅದೇ ಸಾಲಿನಲ್ಲಿ ಏಳು ಹೆಜ್ಜೆ ತಿರುಗಿ ನಿಲ್ಲುತ್ತದೆ. 47ನೆಯ ಚಂದಾದಾರ ಸಿಕ್ಕ. ದೊಡ್ಡ ಊರುಗಳಲ್ಲಿ ಇಂಥ ಸೆಲೆಕ್ಟರುಗಳು ಒಂದಾದ ಮೇಲೊಂದರಂತೆ ಬರುತ್ತವೆ. ಕರೆ ಒಂದರಿಂದ ಇನ್ನೊಂದಕ್ಕೆ ಹಾಯುತ್ತ ಗುರಿ ತಲಪುತ್ತದೆ.

ಹಳೆಯ ತಿರುಗು ಡಯಲಿನ ಫೋನು ಯಾರ ಮನೆಯ ಅಟ್ಟದಲ್ಲಾದರೂ ಸಿಕ್ಕರೆ, ಅದರ ಡಯಲಿನ ಸಂಪರ್ಕಕ್ಕೆ ಒಂದು ಬ್ಯಾಟರಿ, ಒಂದು ರೋಧಕ ಮತ್ತು ಒಂದು ಎಲ್‌ಇಡಿ ಸೇರಿಸಿ ನೋಡಿ. ಸೊನ್ನೆಯನ್ನು ತಿರುಗಿಸಿ ಬಿಟ್ಟರೆ ದೀಪ ಹತ್ತು ಸಲ ಮಿಟುಕುತ್ತದೆ, ಸುಮಾರು ಒಂದು ಸೆಕೆಂಡಿನಲ್ಲಿ. ಸಂಖ್ಯೆಯೊಂದು ಕಾಲದಲ್ಲಿ ಹರಡಿದ ಮಿಡಿತಗಳಾಗುವುದನ್ನು ಇದಕ್ಕಿಂತ ಸರಳವಾಗಿ ತೋರಿಸುವ ಸಾಧನ ನನಗೆ ತಿಳಿದಿಲ್ಲ.

ಭಾರತದಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ 1913ರಲ್ಲಿ ಸಿಮ್ಲಾದಲ್ಲಿ ಬಂತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಫೋನುಗಳು ಸುಮಾರು 80 ಸಾವಿರ. ಎಕ್ಸ್‌ಚೇಂಜಿನ ಉಪಕರಣಗಳು ಹಡಗಿನಲ್ಲಿ ಬರಬೇಕಿತ್ತು. 1948ರಲ್ಲಿ ಭಾರತ ಸರ್ಕಾರ ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಇಲೆಕ್ಟ್ರಿಕ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಕೃಷ್ಣರಾಜಪುರದಲ್ಲಿ ಕಾರ್ಖಾನೆ ತೆರೆಯಿತು. ಮೊದಲು ಸರ್ಕಾರದ ಇಲಾಖೆಯಾಗಿದ್ದದ್ದು 1950ರಲ್ಲಿ ಕಂಪನಿಯಾಯಿತು. ಮೈಸೂರು ಸರ್ಕಾರವೂ ಅದರಲ್ಲಿ ಷೇರುದಾರನಾಗಿತ್ತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂದು ಅದನ್ನು ಕರೆಯುತ್ತಾರೆ.

ಸ್ಟ್ರೌಜರ್ ಯಂತ್ರವನ್ನು ಕಟ್ಟುವುದೆಂದರೆ ಗಡಿಯಾರವನ್ನೂ ಬೀಗವನ್ನೂ ಒಟ್ಟಿಗೆ ಮಾಡಿದಂತೆ. ಹಲ್ಲಿನ ಪಟ್ಟಿಗಳು, ಸ್ಪ್ರಿಂಗುಗಳು, ಸುರುಳಿಗಳು, ರಿಲೇಗಳು. ರಿಲೇಯ ಎಲೆಗಳ ನಡುವಿನ ಅಂತರವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಅಳೆದು, ಕೈಯಿಂದ ಬಾಗಿಸಿ ಸರಿಮಾಡಬೇಕಿತ್ತು. ತಾಮ್ರದ ತಂತಿ ಸುತ್ತಲು, ತಂತಿಕಟ್ಟುಗಳನ್ನು ಹೆಣೆಯಲು, ಬೆಸುಗೆ ಹಾಕಲು ಬಹಳ ಕೈಗಳು ಬೇಕು. ಈ ಕೆಲಸದಲ್ಲಿ ಹೆಣ್ಣುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಕಾರ್ಖಾನೆಯ ಜತೆಗೆ ವಸತಿಗೃಹ, ಶಾಲೆ, ಆಸ್ಪತ್ರೆ ಬೆಳೆದವು. ಬೆಂಗಳೂರು ಘಟಕವೊಂದರಲ್ಲೇ ನೌಕರರ ಸಂಖ್ಯೆ ಹತ್ತು ಸಾವಿರವನ್ನು ದಾಟಿತು. ಯಂತ್ರದ ಬುದ್ಧಿ ಲೋಹದಲ್ಲಿದ್ದಷ್ಟು ಕಾಲ ಅದನ್ನು ಅಲ್ಲಿ ಕೂರಿಸುವ ಕೈಗಳಿಗೂ ಬೆಲೆಯಿತ್ತು. ಕಾರ್ಖಾನೆ ಊರಾಗಿ ಬೆಳೆದದ್ದರ ಹಿಂದಿನ ಅರ್ಥಶಾಸ್ತ್ರ ಇಷ್ಟೇ ಎಂದು ನನಗೆ ತೋರುತ್ತದೆ.

ಬೆಲ್ಜಿಯಮ್ಮಿನ ಯಂತ್ರ, ಭಾರತದ ಕರೆಗಳು

1964ರಲ್ಲಿ ಐ.ಟಿ.ಐ. ಹೊಸ ತಂತ್ರಜ್ಞಾನಕ್ಕಾಗಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನ ಬೆಲ್ ಟೆಲಿಫೋನ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಇದು ‘ಪೆಂಟಕಾಂಟಾ’ ಎಂಬ ಹೆಸರಿನ ಕ್ರಾಸ್‌ಬಾರ್ ಎಕ್ಸ್‌ಚೇಂಜ್. ಇಲ್ಲಿ ದಂಡ ಮೇಲೆ ಹತ್ತಿ ತಿರುಗುವುದಿಲ್ಲ. ಅಡ್ಡ ಮತ್ತು ಲಂಬ ಪಟ್ಟಿಗಳು ಕೂಡುವ ಬಿಂದುಗಳಲ್ಲಿ ಸಂಪರ್ಕ ಮುಚ್ಚಿಕೊಳ್ಳುತ್ತದೆ. ಸವೆತ ಕಡಮೆ, ವೇಗ ಹೆಚ್ಚು. ಇನ್ನೂ ಮುಖ್ಯವಾದ ವ್ಯತ್ಯಾಸ ಬೇರೆಯೇ ಇದೆ. ಸ್ಟ್ರೌಜರಿನಲ್ಲಿ ಪ್ರತಿ ಕರೆಯೂ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಕ್ರಾಸ್‌ಬಾರಿನಲ್ಲಿ ‘ಮಾರ್ಕರ್’ ಎಂಬ ಸಾಮಾನ್ಯ ನಿಯಂತ್ರಕವೊಂದು ಅಂಕಿಗಳನ್ನು ತಿಳಿದುಕೊಂಡು, ಖಾಲಿ ದಾರಿ ಹುಡುಕಿ, ಸಂಪರ್ಕ ಕೊಡಿಸಿ, ಮುಂದಿನ ಕರೆಗೆ ಹೋಗುತ್ತದೆ. ಬುದ್ಧಿಯನ್ನು ಒಂದೆಡೆ ಕೂಡಿಸುವ ಮೊದಲ ಹೆಜ್ಜೆ ಇದು. ತಂತ್ರಾಂಶದ ಕಡೆಗೆ ಇಟ್ಟ ಮೊದಲ ಹೆಜ್ಜೆಯೂ ಹೌದು.

ಯೂರೋಪಿನಲ್ಲಿ ಚೆನ್ನಾಗಿ ನಡೆದ ಯಂತ್ರ ಭಾರತದ ನಗರಗಳಲ್ಲಿ ತಿಣುಕಿತು. ಕಾರಣ ತಿಳಿಯಲು ಡೆನ್ಮಾರ್ಕಿನ ಗಣಿತಜ್ಞ ಎರ್‌ಲಾಂಗ್‌ನನ್ನು ನೆನೆಯಬೇಕು. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಆತ, ಇಷ್ಟು ತಂತಿಗಳ ಮೇಲೆ ಇಷ್ಟು ಕರೆ ಬಂದರೆ ಎಷ್ಟು ಕರೆಗಳು ವಿಫಲವಾಗುತ್ತವೆ ಎಂಬುದರ ಸೂತ್ರವನ್ನು 1917ರಲ್ಲಿ ಪ್ರಕಟಿಸಿದ. ಕರೆಗಳ ಹೊರೆಯ ಮಾನಕ್ಕೆ ಇಂದೂ ಅವನ ಹೆಸರೇ ಇದೆ. ಒಂದು ತಂತಿ ಗಂಟೆಯಿಡೀ ಬಿಡುವಿಲ್ಲದೆ ನಿರತವಾಗಿದ್ದರೆ ಅದು ಒಂದು ಎರ್‌ಲಾಂಗ್.

ಹತ್ತು ತಂತಿಗಳ ಒಂದು ಗುಂಪನ್ನು ತೆಗೆದುಕೊಳ್ಳಿ. ಬರುವ ಹೊರೆ 5 ಎರ್‌ಲಾಂಗ್ ಆದರೆ ನೂರರಲ್ಲಿ ಎರಡಕ್ಕಿಂತ ಕಡಮೆ ಕರೆಗಳು ವಿಫಲವಾಗುತ್ತವೆ. ಯಾರಿಗೂ ಬೇಸರವಿಲ್ಲ. ಹೊರೆ ಎರಡರಷ್ಟಾಗಿ 10 ಎರ್‌ಲಾಂಗ್ ಆಯಿತೆನ್ನಿ. ವಿಫಲ ಕರೆಗಳೂ ಎರಡರಷ್ಟಾಗಬಹುದು, ಹೆಚ್ಚೆಂದರೆ ನೂರಕ್ಕೆ ನಾಲ್ಕು ಎಂದು ಮನಸ್ಸು ಹೇಳುತ್ತದೆ. ಸೂತ್ರದ ಉತ್ತರ ನೂರಕ್ಕೆ ಸುಮಾರು 21! ಹೊರೆ ಎರಡು ಪಟ್ಟು, ವೈಫಲ್ಯ ಹನ್ನೊಂದು ಪಟ್ಟಿಗೂ ಹೆಚ್ಚು. ಅಷ್ಟಕ್ಕೇ ಮುಗಿಯುವುದಿಲ್ಲ. ಸಂಪರ್ಕ ಸಿಗದವರು ಮತ್ತೆ ಡಯಲ್ ಮಾಡುತ್ತಾರೆ. ಆ ಪ್ರಯತ್ನ ಹೊರೆಗೆ ಸೇರಿ ಇನ್ನಷ್ಟು ವೈಫಲ್ಯವನ್ನು ತರುತ್ತದೆ.

ಫೋನುಗಳು ಧಾರಾಳವಾಗಿದ್ದ ದೇಶಗಳಲ್ಲಿ ಮನೆಗೊಂದು ಫೋನಿತ್ತು, ದಿನಕ್ಕೆ ಕೆಲವೇ ಕರೆಗಳು ಹೋಗುತ್ತಿದ್ದವು. ನಮ್ಮಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಇದ್ದ ಫೋನು ಅಂಗಡಿಯಲ್ಲೋ ಕಚೇರಿಯಲ್ಲೋ ಇತ್ತು. ಮನೆಯಲ್ಲಿದ್ದರೆ ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಅದೇ ಫೋನು. ಆದ್ದರಿಂದ ಒಂದೊಂದು ತಂತಿಯ ಮೇಲಿನ ಹೊರೆ ವಿನ್ಯಾಸಕಾರರು ಊಹಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಪೂರ್ಣಗೊಳ್ಳದ ಕರೆಗಳೂ ಮಾರ್ಕರಿನ ಸಮಯವನ್ನು ತಿನ್ನುತ್ತಿದ್ದವು. ಸ್ಟ್ರೌಜರ್ ಯಂತ್ರ ಹೊರೆ ಹೆಚ್ಚಾದರೆ ಅಲ್ಲಲ್ಲಿ ಎಡವುತ್ತದೆ. ಎಲ್ಲರ ಕೆಲಸವನ್ನೂ ಒಬ್ಬನೇ ಹೊತ್ತ ಮಾರ್ಕರ್ ಉಸಿರುಗಟ್ಟಿದರೆ ಇಡೀ ಎಕ್ಸ್‌ಚೇಂಜ್ ಉಸಿರುಗಟ್ಟುತ್ತದೆ.

ಹೀಗೆ, ಕೊಂಡುತಂದ ನಕ್ಷೆಯಲ್ಲಿ ಬರೆಯದೇ ಬಂದ ಒಂದು ಸಂಗತಿಯಿತ್ತು: ಜನ ಫೋನನ್ನು ಹೇಗೆ ಬಳಸುತ್ತಾರೆ ಎಂಬ ಊಹೆ. ಅದು ಆಂಟ್‌ವರ್ಪಿನ ಊಹೆ. ದೆಹಲಿಯ ದೂರಸಂಪರ್ಕ ಸಂಶೋಧನಾ ಕೇಂದ್ರದ ಹಾಗೂ ಐ.ಟಿ.ಐ.ನ ಎಂಜಿನಿಯರುಗಳು ಮುಂದೆ ಈ ಯಂತ್ರವನ್ನು ನಮ್ಮ ಹೊರೆಗೆ ತಕ್ಕಂತೆ ತಿದ್ದಿದರು. ಯಂತ್ರ ಮಾಡುವುದನ್ನು ಕಲಿತವರು ಯಂತ್ರವನ್ನು ಯೋಚಿಸುವುದನ್ನೂ ಕಲಿಯತೊಡಗಿದ್ದು ಆ ವಿಫಲ ಕರೆಗಳ ಕೃಪೆಯಿಂದ. ದೂರು ಹೇಳುತ್ತಿದ್ದ ಚಂದಾದಾರರಿಗೆ ಇದರಿಂದ ಸಮಾಧಾನವಾಗಿರಲಾರದು.

ಸಂಪರ್ಕವೆಂದರೆ ಓದುವ ಕ್ರಮ

ಇಷ್ಟರಲ್ಲಿ ಹೊರಗಡೆ ಯಂತ್ರದ ಸ್ವರೂಪವೇ ಬದಲಾಗಿತ್ತು. 1965ರಲ್ಲಿ ಅಮೆರಿಕದ ನ್ಯೂಜರ್ಸಿಯ ಸಕಸನ್ನಾ ಎಂಬಲ್ಲಿ ಬೆಲ್ ಸಂಸ್ಥೆ ಸ್ಥಾಪಿಸಿದ ಎಕ್ಸ್‌ಚೇಂಜಿನಲ್ಲಿ ಕರೆಯನ್ನು ನಿರ್ವಹಿಸುವ ನಿಯಮಗಳು ಕ್ರಮವಿಧಿಯಾಗಿ ಸ್ಮೃತಿಯಲ್ಲಿದ್ದವು. ಆ ಸ್ಮೃತಿ ಅಲ್ಯುಮಿನಿಯಂ ಹಾಳೆಗಳ ಮೇಲೆ ಸಾಲಾಗಿ ಅಂಟಿಸಿದ ಪುಟ್ಟ ಕಾಂತಗಳಿಂದಾದದ್ದು. ಕಾಂತತ್ವ ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ನಿಯಮ ಬದಲಿಸಲು ರಿಲೇಗಳನ್ನು ಕಳಚಬೇಕಾಗಿಲ್ಲ, ಹಾಳೆಗಳನ್ನು ಬದಲಿಸಿದರೆ ಸಾಕು. ಮೇಲೆ ಹೇಳಿದ ಆಟದ ಕಾರ್ಟ್ರಿಜ್ಜಿನ ಅಣ್ಣ ಎನ್ನಬಹುದು.

ಆದರೂ ಅಲ್ಲಿ ಧ್ವನಿ ಹರಿಯುತ್ತಿದ್ದದ್ದು ಲೋಹದ ಸಂಪರ್ಕಗಳ ಮೂಲಕವೇ. 1970ರಲ್ಲಿ ಫ್ರಾನ್ಸಿನ ಬ್ರಿಟನಿ ಪ್ರಾಂತದ ಪೆರೋಸ್-ಗಿರೆಕ್‌ನಲ್ಲಿ ಆರಂಭವಾದ ಇ-10 ಎಕ್ಸ್‌ಚೇಂಜ್ ಧ್ವನಿಯನ್ನೂ ಅಂಕಿಗಳನ್ನಾಗಿಸಿತು. ಇದರ ಹಿಂದಿನ ತತ್ವ ಅಲೆಕ್ ರೀವ್ಸ್ ಎಂಬ ಎಂಜಿನಿಯರ್ 1937ರಲ್ಲೇ ಯೋಚಿಸಿದ್ದು. ಮಾತಿನ ಅಲೆಯನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಯನ್ನೂ 8 ಬಿಟ್‌ಗಳ ಸಂಖ್ಯೆಯಾಗಿ ಬರೆದರೆ, ಒಂದು ಧ್ವನಿಗೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ಎರಡು ಅಳತೆಗಳ ನಡುವಿನ ಅವಧಿ ಸೆಕೆಂಡಿನ ಹತ್ತು ಲಕ್ಷದಲ್ಲಿ 125 ಭಾಗ. ಈ ಅವಧಿಯನ್ನು 32 ಹೋಳು ಮಾಡಿ, ಬೇರೆ ಬೇರೆಯವರ ಅಳತೆಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಕಳಿಸಬಹುದು.

ಈಗ ಒಂದು ಸಣ್ಣ ಚಮತ್ಕಾರ ನೋಡಿ. ಬರುವ ಸಂಖ್ಯೆಗಳನ್ನು ಬಂದ ಕ್ರಮದಲ್ಲೇ ಸ್ಮೃತಿಯ ಮನೆಗಳಲ್ಲಿ ಬರೆಯುತ್ತ ಹೋಗುತ್ತೇವೆ. ಓದುವಾಗ ಮಾತ್ರ ಬೇರೆ ಕ್ರಮದಲ್ಲಿ ಓದುತ್ತೇವೆ. 3ನೆಯ ಹೋಳಿನಲ್ಲಿ ಬಂದ ಧ್ವನಿಯನ್ನು 17ನೆಯ ಹೋಳಿನ ಸರದಿ ಬಂದಾಗ ಓದಿದರೆ, 3ನೆಯವನ ಮಾತು 17ನೆಯವನಿಗೆ ತಲಪಿತು. ಅಷ್ಟೆ. ದಂಡ ಏರಲಿಲ್ಲ, ಲೋಹಕ್ಕೆ ಲೋಹ ತಾಗಲಿಲ್ಲ. ಇಬ್ಬರ ನಡುವಿನ ಸಂಪರ್ಕವೆಂದರೆ ಓದುವ ಕ್ರಮವನ್ನು ಬರೆದಿಟ್ಟ ಒಂದು ಪಟ್ಟಿ. ಬೆಸುಗೆ ಹಾಕುವ, ಎಲೆ ಬಾಗಿಸುವ, ಸುರುಳಿ ಸುತ್ತುವ ಸಾವಿರಾರು ಕೈಗಳ ಕೆಲಸ ಆ ಪಟ್ಟಿಯೊಳಗೆ ಅಡಗಿಹೋಯಿತು.

ಪಟ್ಟಿಯನ್ನು ಬರೆಯುವುದು ತಂತ್ರಾಂಶ. ಅದು ಸಂಬಳದ ಲೆಕ್ಕ ಹಾಕುವ ತಂತ್ರಾಂಶದ ಜಾತಿಯದಲ್ಲ. ವಿಡಿಯೊ ಆಟದ ಜಾತಿಗೆ ಸೇರಿದ್ದು. ಸೆಕೆಂಡಿಗೆ 60 ಚಿತ್ರಗಳನ್ನು ಬಿಡಿಸುವ ಆಟವೊಂದು ಸುಮಾರು 17 ಮಿಲಿಸೆಕೆಂಡಿಗೊಮ್ಮೆ ಆಟಗಾರನ ಕೈಯನ್ನು ಗಮನಿಸಿ, ಹೊಸ ಸ್ಥಿತಿಯನ್ನು ಲೆಕ್ಕಹಾಕಿ, ಪರದೆಗೆ ಬರೆಯಬೇಕು. ತಡವಾದರೆ ಹುಡುಗರು ‘ಲ್ಯಾಗ್’ ಎಂದು ಗೊಣಗುತ್ತಾರೆ. ಹಳೆಯ ಡಯಲಿನ ಒಂದು ಮಿಡಿತ ಸುಮಾರು 100 ಮಿಲಿಸೆಕೆಂಡ್. ಅದರೊಳಗೆ ಪ್ರವಾಹ ಕಡಿದಿರುವ ಮತ್ತು ಕೂಡಿರುವ ಭಾಗಗಳನ್ನು ತಪ್ಪದೆ ಗುರುತಿಸಬೇಕಾದರೆ ಎಕ್ಸ್‌ಚೇಂಜಿನ ಕ್ರಮವಿಧಿ ಸುಮಾರು 10 ಮಿಲಿಸೆಕೆಂಡಿಗೊಮ್ಮೆ ತಂತಿಯನ್ನು ನೋಡಬೇಕು. ಅದೂ ಒಬ್ಬ ಆಟಗಾರನನ್ನಲ್ಲ, ಸಾವಿರಾರು ಚಂದಾದಾರರನ್ನು, ಹಗಲೂ ರಾತ್ರಿ. ಆಟ ಕೆಟ್ಟರೆ ಮತ್ತೆ ಶುರುಮಾಡಬಹುದು. ಎಕ್ಸ್‌ಚೇಂಜಿಗೆ ಆ ಅನುಕೂಲವಿಲ್ಲ.

ಬರಹದ ದೋಷ ಎಷ್ಟು ದೂರ ಹರಡಬಲ್ಲದೆಂಬುದಕ್ಕೆ 1990ರ ಜನವರಿ 15ರ ಘಟನೆ ಸಾಕು. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿಯ ದೂರಕರೆಗಳ ಜಾಲ ಅಂದು ಸುಮಾರು ಒಂಬತ್ತು ಗಂಟೆ ಕಾಲ ತತ್ತರಿಸಿತು. ಕಾರಣ ಸಿ ಭಾಷೆಯ ಕ್ರಮವಿಧಿಯಲ್ಲಿ ತಪ್ಪಾದ ಜಾಗದಲ್ಲಿದ್ದ ಒಂದೇ ಒಂದು ಆದೇಶ. ಒಂದು ಎಕ್ಸ್‌ಚೇಂಜ್ ಚೇತರಿಸಿಕೊಂಡು ಕಳಿಸಿದ ಸಂದೇಶ ಪಕ್ಕದ ಎಕ್ಸ್‌ಚೇಂಜನ್ನು ಬೀಳಿಸುತ್ತಿತ್ತು. ಎಲ್ಲದರಲ್ಲೂ ಅದೇ ಬರಹ, ಆದ್ದರಿಂದ ಎಲ್ಲದಕ್ಕೂ ಅದೇ ರೋಗ. ಸ್ಟ್ರೌಜರ್ ಸೆಲೆಕ್ಟರಿನ ಪಟ್ಟಿಗೆ ಧೂಳು ಕೂತರೆ ಕೆಡುತ್ತಿದ್ದದ್ದು ಆ ಸೆಲೆಕ್ಟರಿನ ಕರೆ ಮಾತ್ರ.

ಮಂಕಾಪುರ, ಕಿತ್ತೂರು, ಕೃಷ್ಣರಾಜಪುರ

1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು. ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ. ಮೊದಲಾದ ಕಾರ್ಖಾನೆಗಳು 77 ದಿನ ಸ್ಥಗಿತಗೊಂಡವು. ಬೇಡಿಕೆ ಇದ್ದದ್ದು ವೇತನದ ಸಮಾನತೆಗಾಗಿ. ಅತ್ತ ದೆಹಲಿಯಲ್ಲಿ ಅದೇ ಸುಮಾರಿಗೆ ದೂರಸಂಪರ್ಕದ ಭವಿಷ್ಯ ಕುರಿತ ಸರೀನ್ ಸಮಿತಿ ತನ್ನ ಕೆಲಸ ನಡೆಸಿತ್ತು. 1981ರಲ್ಲಿ ಅದು ದೇಶ ಅಂಕೀಯ ಎಕ್ಸ್‌ಚೇಂಜಿಗೆ ಹೊರಳಬೇಕೆಂದಿತು. ಗೇಟಿನ ಮುಂದೆ ಕೂತವರ ಸಂಬಳದ ಪ್ರಶ್ನೆ ಎಷ್ಟು ನ್ಯಾಯವಾದದ್ದೋ, ಅವರ ಕೆಲಸದ ಮುಂದಿನ ಗತಿ ಅದಕ್ಕಿಂತ ಹೆಚ್ಚಾಗಿ ನಿರ್ಧಾರವಾದದ್ದು ಈ ಎರಡನೆಯ ಸಂಗತಿಯಿಂದ ಎಂದೇ ನನ್ನ ಅಭಿಪ್ರಾಯ.

ಅಂಕೀಯ ಯುಗಕ್ಕೆ ಭಾರತ ಎರಡು ಬಾಗಿಲುಗಳಿಂದ ಪ್ರವೇಶಿಸಿತು. ಒಂದು ಹಳೆಯ ಬಾಗಿಲು, ಪರವಾನಗಿಯದು. 1982ರಲ್ಲಿ ಫ್ರಾನ್ಸಿನ ಸಿ.ಐ.ಟಿ.-ಅಲ್ಕಾಟೆಲ್ ಕಂಪನಿಯೊಡನೆ ಇ-10ಬಿ ಎಕ್ಸ್‌ಚೇಂಜಿಗಾಗಿ ಒಪ್ಪಂದವಾಯಿತು. ಅದಕ್ಕಾಗಿ ಐ.ಟಿ.ಐ. ಉತ್ತರ ಪ್ರದೇಶದ ಗೋಂಡಾ ಜಿಲ್ಲೆಯ ಮಂಕಾಪುರದಲ್ಲಿ ಹೊಸ ಕಾರ್ಖಾನೆ ಕಟ್ಟಿತು. ಬೆಂಗಳೂರು ಘಟಕ ಹಳೆಯ ಯಂತ್ರಗಳೊಡನೆ ಉಳಿಯಿತು.

ಇನ್ನೊಂದು ಬಾಗಿಲು 1984ರ ಆಗಸ್ಟಿನಲ್ಲಿ ತೆರೆಯಿತು. ಅದು ಸಿ-ಡಾಟ್, ಟೆಲಿಮ್ಯಾಟಿಕ್ಸ್ ಅಭಿವೃದ್ಧಿ ಕೇಂದ್ರ. ಸ್ಯಾಮ್ ಪಿತ್ರೋಡಾ, ಜಿ.ಬಿ. ಮೀಮಾಂಸಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದ ಎಂ.ವಿ. ಪಿಟ್ಕೆ ಮುಂಚೂಣಿಯಲ್ಲಿದ್ದರು. ಸರ್ಕಾರ ಕೊಟ್ಟದ್ದು 36 ಕೋಟಿ ರೂಪಾಯಿ, 36 ತಿಂಗಳ ಗಡುವು. ದೆಹಲಿ ಮತ್ತು ಬೆಂಗಳೂರಿನಲ್ಲಿ ಎಳೆಯ ಎಂಜಿನಿಯರುಗಳು ಕೂತು ಬರೆಯತೊಡಗಿದರು. ಕ್ರಾಸ್‌ಬಾರಿನ ಅನುಭವವನ್ನು ಇಲ್ಲಿ ಮರೆಯಲಿಲ್ಲ: ಹೊರೆಯ ಅಂದಾಜು ಭಾರತದ್ದು, ಉಷ್ಣತೆಯ ಅಂದಾಜು ಭಾರತದ್ದು, ಧೂಳಿನ ಅಂದಾಜೂ ಭಾರತದ್ದೇ. 128 ತುದಿಗಳ ಗ್ರಾಮೀಣ ಎಕ್ಸ್‌ಚೇಂಜಿಗೆ ಹವಾನಿಯಂತ್ರಣ ಬೇಕಿರಲಿಲ್ಲ. ಅದರ ಬಿಸಿ ಗಾಳಿಯ ಸಹಜ ಸಂವಹನದಿಂದಲೇ ಹೊರಹೋಗುತ್ತಿತ್ತು. ಬಿಸಿಗಾಳಿ ಮೇಲೇರುತ್ತದೆಂಬ ಪ್ರೌಢಶಾಲೆಯ ಪಾಠವೇ ಇಲ್ಲಿ ವಿನ್ಯಾಸದ ನಿರ್ಧಾರವಾಯಿತು.

ಆ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಸ್ಥಾಪನೆಯಾದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರ ಜುಲೈ ತಿಂಗಳಲ್ಲಿ. ರಾಣಿ ಚೆನ್ನಮ್ಮನ ಊರು ಭಾರತದ ದೂರಸಂಪರ್ಕದ ಇತಿಹಾಸದಲ್ಲೂ ಒಂದು ಸಾಲಿಗೆ ಅರ್ಹವಾಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮುಂದೆ ಇದೇ ವಿನ್ಯಾಸದ ಎಕ್ಸ್‌ಚೇಂಜುಗಳನ್ನು ಐ.ಟಿ.ಐ. ಸೇರಿದಂತೆ ಹಲವು ತಯಾರಕರು ಪರವಾನಗಿ ಪಡೆದು ಮಾಡಿದರು. ಅವು ಸಾವಿರಾರು ಹಳ್ಳಿಗಳಿಗೆ ಹೋದವು. ಟ್ರಂಕ್ ಕರೆಗಾಗಿ ಅಂಚೆ ಕಚೇರಿಯಲ್ಲಿ ಅರ್ಧ ದಿನ ಕಾಯುತ್ತಿದ್ದವರಿಗೆ ಬಸ್ ನಿಲ್ದಾಣದ ಎಸ್.ಟಿ.ಡಿ. ಬೂತು ಸಿಕ್ಕಿತು.

‘ಪರವಾನಗಿ ಪಡೆದು ಮಾಡಿದರು’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಸ್ಟ್ರೌಜರ್ ಕಾಲದಲ್ಲಿ ಯಂತ್ರದ ಬೆಲೆಯ ಬಹುಪಾಲು ಅದನ್ನು ಮಾಡುವ ನೈಪುಣ್ಯದಲ್ಲಿತ್ತು. ನಕ್ಷೆ ಲಿವರ್‌ಪೂಲಿನಿಂದ ಬಂದರೂ ಕೈಚಳಕ ಕೃಷ್ಣರಾಜಪುರದ್ದಾಯಿತು. ಅದನ್ನು ಯಾರೂ ಹಿಂದಕ್ಕೆ ಕೇಳುವಂತಿರಲಿಲ್ಲ. ಅಂಕೀಯ ಎಕ್ಸ್‌ಚೇಂಜಿನಲ್ಲಿ ಚಿಪ್ಪುಗಳು ಬೇರೆ ಕಡೆಯಿಂದ ಬರುತ್ತವೆ, ಬರಹವೂ ಬೇರೆ ಕಡೆಯದು. ಕಾರ್ಖಾನೆಗೆ ಉಳಿಯುವುದು ಫಲಕಗಳನ್ನು ಜೋಡಿಸಿ ಪರೀಕ್ಷಿಸುವ ಕೆಲಸ. ಅದಕ್ಕೆ ಹಿಂದಿನ ಕೈಗಳ ಸಣ್ಣದೊಂದು ಪಾಲು ಸಾಕು. ರಿಲೇಯ ಎಲೆಯನ್ನು ಬೆರಳ ತುದಿಯಿಂದಲೇ ಅಳೆಯಬಲ್ಲವನ ಇಪ್ಪತ್ತು ವರ್ಷದ ವಿದ್ಯೆಗೆ ಅಲ್ಲಿ ಜಾಗವಿರಲಿಲ್ಲ. ಮರುತರಬೇತಿ ನಡೆಯಿತು, ಆಮೇಲೆ ಸ್ವಯಂನಿವೃತ್ತಿ ಯೋಜನೆಗಳು ಬಂದವು. 1991ರ ನಂತರ ಬಹುರಾಷ್ಟ್ರೀಯ ಕಂಪನಿಗಳು ಮಾರುಕಟ್ಟೆಗೆ ಇಳಿದವು. ಐ.ಟಿ.ಐ.ನ ಕುಸಿತಕ್ಕೆ ಸರ್ಕಾರಿ ನಿಧಾನ, ಸಂಘಗಳು, ರಾಜಕೀಯ ಎಂದು ಬೇರೆ ಬೇರೆ ಕಾರಣ ಕೊಡುವವರಿದ್ದಾರೆ. ಅವುಗಳಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಬರಹವನ್ನು ತನ್ನದಾಗಿಸಿಕೊಳ್ಳದ ಯಾವ ದೂರವಾಣಿ ಕಾರ್ಖಾನೆಗೂ ಆ ದಶಕದಲ್ಲಿ ಉಳಿಗಾಲ ಕಷ್ಟವಿತ್ತು.

2000ದ ದಶಕ ನಷ್ಟದಲ್ಲಿ ಕಳೆಯಿತು. 2014ರಲ್ಲಿ ಕೇಂದ್ರ ಸರ್ಕಾರ ಸಂಸ್ಥೆಯ ಪುನಶ್ಚೇತನಕ್ಕೆ ಸುಮಾರು 4,157 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೂರವಾಣಿನಗರದ ಆವರಣದಲ್ಲಿ ದತ್ತಾಂಶ ಕೇಂದ್ರವೊಂದು ಬಂತು. ಸಿ-ಡಾಟ್‌ನಲ್ಲಿ ಎಕ್ಸ್‌ಚೇಂಜಿಗೆ ಬರಹ ಬರೆದು ಕಲಿತವರು ಖಾಸಗಿ ಕಂಪನಿಗಳಿಗೆ ಹರಡಿದರು. ನಗರದ ದೂರಸಂಪರ್ಕ ತಂತ್ರಾಂಶದ ಕಂಪನಿಗಳ ಹಿಂದೆ ಅವರ ಪಾಲೆಷ್ಟೆಂಬುದನ್ನು ಯಾರಾದರೂ ಕೂತು ಬರೆಯಬೇಕಾಗಿದೆ.

ಬಿ.ಎಸ್.ಎನ್.ಎಲ್. ಸಂಸ್ಥೆಯ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅದರ ಕೇಂದ್ರಭಾಗದ ತಂತ್ರಾಂಶ ಸಿ-ಡಾಟ್‌ನದು, ಗೋಪುರಗಳ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎಲ್ಲವನ್ನೂ ಕೂಡಿಸಿದ್ದು ಟಿ.ಸಿ.ಎಸ್. ಉಪಕರಣ ಪೂರೈಸಿ ಸ್ಥಾಪಿಸುವ ಕೆಲಸದಲ್ಲಿ ಐ.ಟಿ.ಐ.ಗೂ ಒಂದು ಪಾಲು ಸಿಕ್ಕಿತು. ಆ ಜಾಲದ ಮೇಲೆ ಇಂದು ಯಾರೋ ಹುಡುಗ ಕಿತ್ತೂರಿನಲ್ಲಿ ಕೂತು ಕೃಷ್ಣರಾಜಪುರದ ಗೆಳೆಯನೊಡನೆ ಆಟ ಆಡುತ್ತಿರಬಹುದು. ಇಬ್ಬರ ಬೆರಳುಗಳನ್ನೂ ಕೆಲವು ಮಿಲಿಸೆಕೆಂಡಿಗೊಮ್ಮೆ ಗಮನಿಸುತ್ತಿರುವ ಕ್ರಮವಿಧಿಯ ಕೆಳಗೆ, ಸಂಖ್ಯೆಗಳನ್ನು ಬಂದ ಕ್ರಮದಲ್ಲಿ ಬರೆದುಕೊಂಡು ಬೇಕಾದ ಕ್ರಮದಲ್ಲಿ ಓದುವ ಆ ಪಟ್ಟಿಯ ಸಂತತಿ ಈಗಲೂ ಕೆಲಸ ಮಾಡುತ್ತಿದೆ.